ಬಾರ್ ಬಾಗಿಲಿನ ಮೇಲೆ ಮೂರು ಮತದಾನ: ಒಂದು ಕಾಲೇಜು ಊರು ಕುಡಿತವನ್ನು ಎದುರಿಸಿದ ಕತೆ

ಅಮೆರಿಕದ ಅಯೋವಾ ಸಿಟಿಯಲ್ಲಿ ವಿದ್ಯಾರ್ಥಿಗಳು, ಬಾರ್ ಮಾಲೀಕರು, ಪೊಲೀಸರು, ವಿಶ್ವವಿದ್ಯಾಲಯ ಮತ್ತು ಸಾಮಾನ್ಯ ನಿವಾಸಿಗಳು ವರ್ಷಗಟ್ಟಲೆ ಜಗಳವಾಡಿ, ಮತ ಹಾಕಿ, ಕೊನೆಗೆ ಒಂದು ನಿಯಮಕ್ಕೆ ಬಂದರು. ಆ ನಿಯಮ ಸರಿಯೇ? ಅದರಿಂದ ಏನಾದರೂ ಬದಲಾಯಿತೇ? 21 ವರ್ಷದ ಮಿತಿಯ ಬಗ್ಗೆ ಆಗಾಗ ಜಗಳವಾಡುವ ಕರ್ನಾಟಕಕ್ಕೆ ಅದರಲ್ಲಿ ಏನಿದೆ?

ಆರು ವರ್ಷದ ಅವಧಿಯಲ್ಲಿ ಒಂದು ಊರಿನ ಜನ ಮೂರು ಸಲ ಮತಗಟ್ಟೆಗೆ ಹೋಗಿ ಒಂದೇ ಪ್ರಶ್ನೆಗೆ ಉತ್ತರ ಕೊಟ್ಟರು. ಮೇಯರ್ ಯಾರಾಗಬೇಕು ಅನ್ನೋದಲ್ಲ ಆ ಪ್ರಶ್ನೆ. ರಾತ್ರಿ ಹತ್ತು ಗಂಟೆ ಮೇಲೆ 21 ತುಂಬದವರನ್ನು ಬಾರ್ ಒಳಗೆ ಬಿಡಬೇಕೋ, ಬೇಡವೋ?

2007ರಲ್ಲಿ ಜನ "ಬಿಡಿ" ಅಂದರು. 2010ರಲ್ಲಿ ಕೂದಲೆಳೆಯ ಅಂತರದಲ್ಲಿ "ಬೇಡ" ಅಂದರು. 2013ರಲ್ಲಿ ಮತ್ತೆ ಕೇಳಿದಾಗ ಮೂರರಲ್ಲಿ ಸುಮಾರು ಎರಡು ಪಾಲು ಜನ "ಬೇಡವೇ ಬೇಡ" ಅಂದರು. ಊರು ಅದೇ, ಬಾರ್‌ಗಳೂ ಹೆಚ್ಚುಕಮ್ಮಿ ಅವೇ. ಹಾಗಾದರೆ ನಡುವೆ ಬದಲಾಗಿದ್ದು ಏನು?

ಇದನ್ನು "ಕುಡಿತ ಕೆಟ್ಟದ್ದು, ಬಿಟ್ಟುಬಿಡಿ ಮಕ್ಕಳೇ" ಅನ್ನೋ ಉಪದೇಶದ ಕತೆ ಅಂದುಕೊಳ್ಳಬೇಡಿ. ಇದು ಅಧಿಕಾರದ ಕತೆ. ಕುಡಿತವನ್ನು ನಿಯಂತ್ರಿಸುವ ಹಕ್ಕು ಯಾರಿಗಿದೆ, ಅದರ ನಷ್ಟ ಯಾರ ಮೇಲೆ ಬೀಳುತ್ತೆ, ಮತ್ತು ಆ ತೀರ್ಮಾನದಲ್ಲಿ ಯುವಜನರ ಪಾಲೆಷ್ಟು ಎಂಬ ಕತೆ.

ಕಾಲೇಜು ಊರು ಅಂದ್ರೆ ಎಂಥದ್ದು?

ಅಯೋವಾ ಸಿಟಿ ಅಮೆರಿಕದ ನಡುಭಾಗದಲ್ಲಿರುವ ಅಯೋವಾ ರಾಜ್ಯದ ಒಂದು ಸಣ್ಣ ನಗರ. 2010ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು 68 ಸಾವಿರ. ಅಲ್ಲಿರುವ ಅಯೋವಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ ಸುಮಾರು 30 ಸಾವಿರ. ಅಂದರೆ ಊರಿಗೆ ಊರೇ ಯೂನಿವರ್ಸಿಟಿಯ ಸುತ್ತ ಬೆಳೆದಿದೆ. ಕ್ಯಾಂಪಸ್ಸಿನ ಕೊನೆಯ ಕಟ್ಟಡ ದಾಟಿ ರಸ್ತೆ ದಾಟಿದರೆ ಪೇಟೆ. ಪೇಟೆ ಅಂದರೆ ಪುಸ್ತಕದಂಗಡಿ, ಕಾಫಿ ಅಂಗಡಿ, ಮತ್ತು ಸಾಲುಸಾಲು ಬಾರ್‌ಗಳು.

ಕನ್ನಡ ಓದುಗರಿಗೆ ಈ ಊರು ತೀರಾ ಅಪರಿಚಿತವೇನಲ್ಲ. ಯು.ಆರ್. ಅನಂತಮೂರ್ತಿಯವರು ಸಂದರ್ಶಕ ಪ್ರಾಧ್ಯಾಪಕರಾಗಿ ಪಾಠ ಮಾಡಿದ ವಿಶ್ವವಿದ್ಯಾಲಯ ಇದು. ಇಲ್ಲಿನ ರೈಟರ್ಸ್ ವರ್ಕ್‌ಶಾಪ್ 1936ರಿಂದ ನಡೆಯುತ್ತಿದೆ, 1967ರಲ್ಲಿ ಶುರುವಾದ ಅಂತರರಾಷ್ಟ್ರೀಯ ಬರವಣಿಗೆ ಕಾರ್ಯಕ್ರಮಕ್ಕೆ ಲೋಕದ ಮೂಲೆಮೂಲೆಯಿಂದ ಲೇಖಕರು ಬರುತ್ತಾರೆ. 2008ರಲ್ಲಿ ಯುನೆಸ್ಕೊ ಇದನ್ನು "ಸಾಹಿತ್ಯ ನಗರ" ಎಂದು ಗುರುತಿಸಿತು.

ಅದೇ ಊರಿಗೆ ಇನ್ನೊಂದು ಬಿರುದೂ ಇತ್ತು. 2013ರ ಆಗಸ್ಟ್‌ನಲ್ಲಿ ಪ್ರಿನ್ಸ್‌ಟನ್ ರಿವ್ಯೂ ಸಂಸ್ಥೆ ತನ್ನ ವಾರ್ಷಿಕ ಪಟ್ಟಿಯಲ್ಲಿ ಅಯೋವಾ ವಿಶ್ವವಿದ್ಯಾಲಯವನ್ನು ದೇಶದ ನಂಬರ್ ಒನ್ "ಪಾರ್ಟಿ ಸ್ಕೂಲ್" ಅಂತ ಕರೆಯಿತು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಬಿಯರ್ ಗ್ಲಾಸು. ಕಾಲೇಜು ಊರುಗಳ ಗುಣವೇ ಇದು. ಪ್ರತಿ ವರ್ಷ ಸಾವಿರಾರು ಹೊಸಬರು, ಮೊದಲ ಸಲ ಅಪ್ಪ ಅಮ್ಮನ ಕಣ್ಣಳತೆಯಿಂದ ದೂರ, ಕೈಯಲ್ಲಿ ಅಷ್ಟಿಷ್ಟು ದುಡ್ಡು, ಹೊಸ ಗೆಳೆಯರ ಗುಂಪಿಗೆ ಸೇರುವ ಆಸೆ. ಅವರನ್ನೇ ನಂಬಿಕೊಂಡ ವ್ಯಾಪಾರ ಒಂದು ರಸ್ತೆಯ ಆಚೆ ಕಾದು ನಿಂತಿರುತ್ತೆ.

18ಕ್ಕೆ ಓಟು, 21ಕ್ಕೆ ಬಾಟಲಿ

ಇಲ್ಲಿ ಸ್ವಲ್ಪ ಹಿನ್ನೆಲೆ ಬೇಕು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಯುವಕರು ಕೇಳಿದ್ದು ನ್ಯಾಯವಾದ ಪ್ರಶ್ನೆ: "18ಕ್ಕೆ ಯುದ್ಧಕ್ಕೆ ಕಳಿಸ್ತೀರಿ, ಓಟು ಮಾತ್ರ ಯಾಕೆ ಕೊಡಲ್ಲ?" 1971ರಲ್ಲಿ ಸಂವಿಧಾನಕ್ಕೆ 26ನೇ ತಿದ್ದುಪಡಿಯಾಗಿ ಮತದಾನದ ವಯಸ್ಸು 18ಕ್ಕೆ ಇಳಿಯಿತು. ಅದರ ಹಿಂದೆಯೇ ಹಲವು ರಾಜ್ಯಗಳು ಮದ್ಯದ ವಯೋಮಿತಿಯನ್ನೂ ಇಳಿಸಿದವು.

ಅದರ ಬೆಲೆ ರಸ್ತೆಗಳಲ್ಲಿ ಕಾಣಿಸಿತು. ವಯಸ್ಸು ಇಳಿಸಿದ ಕಡೆ ಹದಿಹರೆಯದ ಚಾಲಕರ ಅಪಘಾತಗಳು ಹೆಚ್ಚಾದವು, ಮತ್ತೆ ಏರಿಸಿದ ಕಡೆ ಕಡಿಮೆಯಾದವು. ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ವಯೋಮಿತಿ ಏರಿಸಿದ ಕಡೆ ಆ ವಯಸ್ಸಿನವರ ಅಪಘಾತಗಳು ಸುಮಾರು 16 ಶೇಕಡಾ ಇಳಿದದ್ದು ಕಂಡುಬಂತು. ಮಕ್ಕಳನ್ನು ಕಳೆದುಕೊಂಡ ತಾಯಂದಿರ ಚಳವಳಿಯೂ ಜೋರಾಯಿತು. 1984ರಲ್ಲಿ ಅಧ್ಯಕ್ಷ ರೇಗನ್ ಒಂದು ಕಾನೂನಿಗೆ ಸಹಿ ಹಾಕಿದರು: ಮದ್ಯದ ವಯಸ್ಸನ್ನು 21ಕ್ಕೆ ಏರಿಸದ ರಾಜ್ಯಕ್ಕೆ ಕೇಂದ್ರದಿಂದ ಬರುವ ಹೆದ್ದಾರಿ ಅನುದಾನದಲ್ಲಿ ಕಡಿತ. ಸೌತ್ ಡಕೋಟಾ ರಾಜ್ಯ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಗಿ 1987ರಲ್ಲಿ ಸೋತಿತು. ಅಷ್ಟರೊಳಗೆ, 1986ರಲ್ಲೇ, ಅಯೋವಾ 21ಕ್ಕೆ ಬಂದಾಗಿತ್ತು.

ಆದರೆ ಒಂದು ಸಂದು ಉಳಿಯಿತು. 21ರ ಒಳಗಿನವರು ಮದ್ಯ ಕೊಳ್ಳುವ ಹಾಗಿಲ್ಲ, ಸರಿ. ಬಾರ್ ಒಳಗೆ ಹೋಗಬಾರದು ಅಂತ ಎಲ್ಲಿದೆ? ಒಳಗೆ ಹಾಡು ಇದೆ, ಕುಣಿತ ಇದೆ, ಗೆಳೆಯರು ಇದ್ದಾರೆ. ಬಾಗಿಲಲ್ಲಿ ಕೈಗೆ ಒಂದು ಗುರುತು ಹಾಕಿ ಒಳಗೆ ಬಿಡುವುದು, ಒಳಗೆ ಹೋದ ಮೇಲೆ ದೊಡ್ಡವರು ತಂದುಕೊಟ್ಟ ಗ್ಲಾಸು ಯಾರ ಕೈಯಲ್ಲಿದೆ ಅಂತ ಕತ್ತಲಲ್ಲಿ ಯಾರೂ ನೋಡದಿರುವುದು. ಅಯೋವಾ ಸಿಟಿಯ ಜಗಳವೆಲ್ಲ ಈ ಸಂದಿನ ಸುತ್ತಲೇ ನಡೆಯಿತು.

ಮೊದಲ ಹೆಜ್ಜೆ: ಹುಡುಗರನ್ನಲ್ಲ, ಊರನ್ನು ನೋಡಿ

1990ರ ದಶಕದ ತನಕ ಕಾಲೇಜುಗಳಿಗೆ ಗೊತ್ತಿದ್ದ ದಾರಿ ಒಂದೇ: ಭಾಷಣ, ಪೋಸ್ಟರ್, ಕರಪತ್ರ. ಕುಡಿತದಿಂದ ಯಕೃತ್ತು ಹಾಳಾಗುತ್ತೆ ಅಂತ ಹೇಳಿದರೆ ಹುಡುಗರು ನಿಲ್ಲಿಸ್ತಾರೆ ಅನ್ನೋ ನಂಬಿಕೆ. ಹಾರ್ವರ್ಡ್ ಸಾರ್ವಜನಿಕ ಆರೋಗ್ಯ ಶಾಲೆಯ ಹೆನ್ರಿ ವೆಕ್ಸ್‌ಲರ್ ದೇಶದ ನೂರಕ್ಕೂ ಹೆಚ್ಚು ಕಾಲೇಜುಗಳಲ್ಲಿ ಸಮೀಕ್ಷೆ ನಡೆಸಿ ಬೇರೆಯದೇ ಚಿತ್ರ ತೋರಿಸಿದರು. ಒಂದೇ ಕೂರಿನಲ್ಲಿ ಗಂಡಸರು ಐದು, ಹೆಂಗಸರು ನಾಲ್ಕು ಪೆಗ್ ಅಥವಾ ಅದಕ್ಕಿಂತ ಹೆಚ್ಚು ಕುಡಿಯುವುದನ್ನು ಅವರು "ಬಿಂಜ್" ಎಂದು ಅಳೆದರು. ಹತ್ತಿರಹತ್ತಿರ ಐವರಲ್ಲಿ ಇಬ್ಬರು ವಿದ್ಯಾರ್ಥಿಗಳು ಹಿಂದಿನ ಎರಡು ವಾರದಲ್ಲಿ ಹಾಗೆ ಕುಡಿದಿದ್ದರು. ಆದರೆ ಈ ಪ್ರಮಾಣ ಎಲ್ಲ ಕಡೆ ಒಂದೇ ಇರಲಿಲ್ಲ, ಕಾಲೇಜಿನಿಂದ ಕಾಲೇಜಿಗೆ ಅಜಗಜಾಂತರ ಇತ್ತು.

ಹುಡುಗರ ವಯಸ್ಸು ಎಲ್ಲ ಕಡೆ ಒಂದೇ. ಹಾಗಿದ್ದರೆ ವ್ಯತ್ಯಾಸ ಎಲ್ಲಿಂದ? ಊರಿನಿಂದ. ಅಗ್ಗದ ಬಿಯರ್, ಹತ್ತಿರದ ಬಾರ್, "ಒಂದು ಕೊಂಡರೆ ಒಂದು ಫ್ರೀ", ಸಡಿಲ ತಪಾಸಣೆ, ಹಬ್ಬದಂತೆ ನಡೆಯುವ ಫುಟ್‌ಬಾಲ್ ಪಂದ್ಯದ ದಿನಗಳು.

ಈ ಆಲೋಚನೆಯ ಮೇಲೆ ರಾಬರ್ಟ್ ವುಡ್ ಜಾನ್ಸನ್ ಪ್ರತಿಷ್ಠಾನ 1996ರಲ್ಲಿ "ಎ ಮ್ಯಾಟರ್ ಆಫ್ ಡಿಗ್ರಿ" ಎಂಬ ಕಾರ್ಯಕ್ರಮ ಶುರು ಮಾಡಿತು. ಹತ್ತು ವಿಶ್ವವಿದ್ಯಾಲಯಗಳು, ಅದರಲ್ಲಿ ಅಯೋವಾ ಒಂದು. ಷರತ್ತು ಏನಂದರೆ ಕಾಲೇಜು ಒಂಟಿಯಾಗಿ ಕೆಲಸ ಮಾಡುವ ಹಾಗಿಲ್ಲ, ಊರಿನ ಜೊತೆ ಕೂಡಿಯೇ ಮಾಡಬೇಕು. ಹೀಗೆ ಅಯೋವಾ ಸಿಟಿಯಲ್ಲಿ "ಸ್ಟೆಪ್ಪಿಂಗ್ ಅಪ್" ಎಂಬ ಕೂಟ ಹುಟ್ಟಿತು. ಪ್ರಾಧ್ಯಾಪಕರು, ಪೊಲೀಸರು, ಆರೋಗ್ಯ ಕಾರ್ಯಕರ್ತರು, ನಿವಾಸಿಗಳು ಒಂದೇ ಮೇಜಿನ ಸುತ್ತ ಕೂತರು. ಊರಿಗೆ ಅದು ಬರೀ ಅಂಕಿಅಂಶದ ವಿಷಯ ಆಗಿರಲಿಲ್ಲ. ಅದರ ಹಿಂದಿನ ವರ್ಷವಷ್ಟೇ ಅಲ್ಲಿನ ವಿದ್ಯಾರ್ಥಿಯೊಬ್ಬ ಕುಡಿದು ಮಲಗಿದವನು ಬೆಳಿಗ್ಗೆ ಏಳಲಿಲ್ಲ.

ಮೂರು ಮತದಾನ

ಒಂದೇ ಸಲಕ್ಕೆ 21ರ ನಿಯಮ ಬರಲಿಲ್ಲ. 2003ರಲ್ಲಿ ನಗರಸಭೆ ನಡುದಾರಿ ಹಿಡಿದು, ರಾತ್ರಿ ಹತ್ತರ ಮೇಲೆ 19 ತುಂಬದವರಿಗೆ ಬಾರ್ ಪ್ರವೇಶವಿಲ್ಲ ಅಂತ ಮಾಡಿತು. ಪರಿಣಾಮ ಅಷ್ಟಕ್ಕಷ್ಟೇ. 19 ಮತ್ತು 20ರ ವಯಸ್ಸಿನವರು, ಅಂದರೆ ಎರಡನೇ ಮೂರನೇ ವರ್ಷದ ವಿದ್ಯಾರ್ಥಿಗಳು, ಒಳಗೇ ಇದ್ದರು.

ಅಯೋವಾ ಸಿಟಿಯ ಚಾರ್ಟರ್, ಅಂದರೆ ಆ ನಗರದ ಸಣ್ಣ ಸಂವಿಧಾನ, ಜನರಿಗೆ ಒಂದು ಹಕ್ಕು ಕೊಟ್ಟಿದೆ. ನಿಗದಿತ ಸಂಖ್ಯೆಯ ಮತದಾರರ ಸಹಿ ಸಂಗ್ರಹಿಸಿದರೆ ಹೊಸ ನಿಯಮ ತರಲು ಅಥವಾ ಇರುವ ನಿಯಮ ತೆಗೆಯಲು ನೇರ ಜನಮತಗಣನೆ ಕೇಳಬಹುದು.

2007: ನಾಗರಿಕರ ಗುಂಪೊಂದು ಸಹಿ ಸಂಗ್ರಹಿಸಿ 21ರ ಪ್ರಸ್ತಾಪವನ್ನು ಮತಕ್ಕೆ ತಂದಿತು. ಎದುರಿಗೆ ಬಾರ್ ಮಾಲೀಕರು ಮತ್ತು ವಿದ್ಯಾರ್ಥಿಗಳು. ಸಾಮಾನ್ಯವಾಗಿ ನಗರಸಭೆ ಚುನಾವಣೆಗೆ ತಲೆಯೇ ಹಾಕದ ವಿದ್ಯಾರ್ಥಿಗಳು ಆ ಸಲ ಗುಂಪುಗುಂಪಾಗಿ ಬಂದು ಮತ ಹಾಕಿದರು. ಪ್ರಸ್ತಾಪ ಸ್ಪಷ್ಟ ಅಂತರದಲ್ಲಿ ಸೋತಿತು. ಪ್ರಜಾಪ್ರಭುತ್ವದ ಪಾಠ ಅಂತ ನೋಡಿದರೆ ಇದು ಚೆಂದವೇ: ಸಂಘಟಿತರಾದರೆ 18–20ರ ವಯಸ್ಸಿನವರು ಊರಿನ ಕಾನೂನನ್ನು ತಡೆಯಬಲ್ಲರು.

2010: ಈ ಸಲ ನಗರಸಭೆಯೇ ಮುಂದೆ ಬಂತು. ಏಪ್ರಿಲ್‌ನಲ್ಲಿ ನಿಯಮ ಪಾಸಾಗಿ ಜೂನ್ 1ರಿಂದ ಜಾರಿಗೆ ಬಂತು. ವಿರೋಧಿಗಳು ಸಹಿ ಸಂಗ್ರಹಿಸಿ ಅದನ್ನು ರದ್ದು ಮಾಡುವ ಪ್ರಶ್ನೆಯನ್ನು ನವೆಂಬರ್ ಮತದಾನಕ್ಕೆ ತಂದರು. ಫಲಿತಾಂಶ: ನಿಯಮ ಉಳಿಸಿ ಅಂದವರು ಸುಮಾರು 52 ಶೇಕಡಾ. ನಿಯಮ ಉಳಿಯಿತು, ಊರು ಮಾತ್ರ ಎರಡು ಹೋಳಾದಂತಿತ್ತು.

2013: ಮತ್ತೊಮ್ಮೆ ರದ್ದತಿಯ ಪ್ರಯತ್ನ. ಈ ಸಲ ಸುಮಾರು ಮೂರನೇ ಎರಡು ಭಾಗ ಮತದಾರರು ನಿಯಮ ಇರಲಿ ಎಂದರು.

2007ರಲ್ಲಿ ಮತದಾರರ ಮುಂದೆ ಇದ್ದದ್ದು ಊಹೆ ಮಾತ್ರ. "ಪೇಟೆ ಸತ್ತುಹೋಗುತ್ತೆ, ಪಾರ್ಟಿಗಳೆಲ್ಲ ಮನೆಗಳಿಗೆ ನುಗ್ಗುತ್ತವೆ" ಅನ್ನೋದು ಒಂದು ಕಡೆಯ ಊಹೆ. "ಎಲ್ಲ ಸರಿಹೋಗುತ್ತೆ" ಅನ್ನೋದು ಇನ್ನೊಂದು ಕಡೆಯದ್ದು. 2013ರಲ್ಲಿ ಅವರ ಮುಂದೆ ಮೂರು ವರ್ಷದ ಅನುಭವ ಇತ್ತು. ಪೇಟೆ ಸತ್ತಿರಲಿಲ್ಲ.

ವಿರೋಧಿಗಳ ವಾದದಲ್ಲಿ ಹುರುಳಿತ್ತು

ವಿರೋಧಿಸಿದವರನ್ನೆಲ್ಲ "ಕುಡುಕರ ಪರ" ಅಂತ ತಳ್ಳಿಹಾಕುವುದು ಸುಲಭ. ಆದರೆ ಅವರು ಎತ್ತಿದ ಪ್ರಶ್ನೆಗಳು ಗಟ್ಟಿ ಪ್ರಶ್ನೆಗಳೇ.

ಮೊದಲನೆಯದು, ಸುರಕ್ಷತೆ. ಬಾರ್‌ನಲ್ಲಿ ಕನಿಷ್ಠ ಬೆಳಕಿದೆ, ಕೆಲಸಗಾರರಿದ್ದಾರೆ, ಬಾಗಿಲಲ್ಲಿ ಕಾವಲು ಇದೆ. ಅಲ್ಲಿಂದ ಹೊರಹಾಕಿದರೆ ಹುಡುಗ ಹುಡುಗಿಯರು ಹೋಗುವುದು ಯಾರದ್ದೋ ಮನೆಯ ನೆಲಮಾಳಿಗೆಗೆ. ಅಲ್ಲಿ ಅಳತೆಯಿಲ್ಲ, ಏನಾದರೂ ಆದರೆ ನೋಡುವವರಿಲ್ಲ. ವಿಶೇಷವಾಗಿ ಹೆಣ್ಣುಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ಈ ಆತಂಕ ಸಣ್ಣದಲ್ಲ.

ಎರಡನೆಯದು, ಹಕ್ಕು. 18ಕ್ಕೆ ಮತ ಹಾಕಬಹುದು, ಮದುವೆಯಾಗಬಹುದು, ಸೈನ್ಯ ಸೇರಬಹುದು, ಸಂಗೀತ ಕೇಳಲು ಒಂದು ಕಟ್ಟಡದೊಳಗೆ ಹೋಗಬಾರದೇ?

ಮೂರನೆಯದನ್ನು ಎತ್ತಿದವರು ಕಾಲೇಜಿನ ಮುಖ್ಯಸ್ಥರೇ. 2008ರಲ್ಲಿ ಮಿಡಲ್‌ಬರಿ ಕಾಲೇಜಿನ ಮಾಜಿ ಅಧ್ಯಕ್ಷ ಜಾನ್ ಮೆಕಾರ್ಡೆಲ್ ಅವರ ನೇತೃತ್ವದಲ್ಲಿ "ಅಮೆಥಿಸ್ಟ್ ಇನಿಶಿಯೇಟಿವ್" ಶುರುವಾಯಿತು. ನೂರಕ್ಕೂ ಹೆಚ್ಚು ಕಾಲೇಜು ಅಧ್ಯಕ್ಷರು ಸಹಿ ಹಾಕಿ, 21ರ ಮಿತಿ ಕುಡಿತವನ್ನು ಕತ್ತಲಿಗೆ ತಳ್ಳಿದೆ, ಇದನ್ನು ಮತ್ತೆ ಮುಕ್ತವಾಗಿ ಚರ್ಚಿಸೋಣ ಎಂದರು.

ಅಯೋವಾ ಸಿಟಿಯ ನಿಯಮ ಈ ಟೀಕೆಗಳಿಗೆ ಪೂರ್ತಿ ಕಿವುಡಾಗಿರಲಿಲ್ಲ. ನಿರ್ಬಂಧ ರಾತ್ರಿ ಹತ್ತರ ನಂತರಕ್ಕೆ ಮಾತ್ರ. ಊಟಕ್ಕೇ ಹೆಸರಾದ ಜಾಗಗಳಿಗೆ, ಸಂಗೀತ ಕಾರ್ಯಕ್ರಮ ನಡೆಸುವ ಜಾಗಗಳಿಗೆ ಷರತ್ತಿನ ಮೇಲೆ ವಿನಾಯಿತಿ ಇತ್ತು. ಆ ವಿನಾಯಿತಿಯೂ ಬಿಟ್ಟಿ ಸಿಗುತ್ತಿರಲಿಲ್ಲ. ಅಪ್ರಾಪ್ತರಿಗೆ ಮದ್ಯ ಸಿಗುವುದು ಪದೇಪದೇ ಗೊತ್ತಾದರೆ ವಿನಾಯಿತಿ ಹೋಗುತ್ತಿತ್ತು.

ಬಾಗಿಲು ಮುಚ್ಚಿದರೆ ಸಾಲದು

ಮತದಾನದ ಗದ್ದಲದಲ್ಲಿ ಕಾಣದೇ ಹೋಗುವುದು ಉಳಿದ ಕೆಲಸ. 21ರ ನಿಯಮ ಒಂದೇ ನಿಂತಿದ್ದರೆ ಬೀಳುತ್ತಿತ್ತು. ಸುತ್ತ ಕಟ್ಟಿದ ಊರುಗೋಲುಗಳು ಹಲವು.

ಅಂತರದ ನಿಯಮ. ಹೊಸ ಬಾರ್ ಇನ್ನೊಂದು ಬಾರ್‌ನಿಂದ ಕನಿಷ್ಠ 500 ಅಡಿ ದೂರ ಇರಬೇಕು ಎಂದು ನಗರಸಭೆ 2009ರಲ್ಲಿ ವಲಯ ನಿಯಮ ಮಾಡಿತು. ಇದ್ದ ಬಾರ್‌ಗಳನ್ನು ಮುಚ್ಚಿಸಲಿಲ್ಲ. ಒತ್ತೊತ್ತಾಗಿ ಹೊಸವು ಹುಟ್ಟದಂತೆ ತಡೆಯಿತು ಅಷ್ಟೇ. ಒಂದೇ ರಸ್ತೆಯಲ್ಲಿ ಹತ್ತು ಬಾರ್ ಇದ್ದರೆ ಅವು ಪೈಪೋಟಿಗೆ ಬಿದ್ದು ಬೆಲೆ ಇಳಿಸುತ್ತವೆ. ಬೆಲೆ ಇಳಿದಷ್ಟೂ ಕುಡಿತ ಏರುತ್ತೆ.

ಬಹಿರಂಗ ಲೆಕ್ಕ. ಯಾವ ಬಾರ್‌ಗೆ ಪೊಲೀಸರು ಎಷ್ಟು ಸಲ ಭೇಟಿ ಕೊಟ್ಟರು, ಪ್ರತಿ ಭೇಟಿಗೆ ಎಷ್ಟು ಅಪ್ರಾಪ್ತರು ಗ್ಲಾಸು ಸಮೇತ ಸಿಕ್ಕಿಬಿದ್ದರು ಎಂಬ ಅನುಪಾತವನ್ನು ನಗರ ಲೆಕ್ಕ ಇಟ್ಟು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತೆ. ಗಮನಿಸಿ, ಇಲ್ಲಿ ಅಂಕ ಬೀಳುವುದು ವಿದ್ಯಾರ್ಥಿಯ ಹೆಸರಿಗಲ್ಲ, ಅಂಗಡಿಯ ಹೆಸರಿಗೆ.

ಒಂದು ಖಾಯಂ ಕೂಟ. "ಪಾರ್ಟ್‌ನರ್‌ಶಿಪ್ ಫಾರ್ ಆಲ್ಕೊಹಾಲ್ ಸೇಫ್ಟಿ" ಎಂಬ ಹೆಸರಿನಲ್ಲಿ ವಿಶ್ವವಿದ್ಯಾಲಯ ಮತ್ತು ನಗರದ ಪ್ರತಿನಿಧಿಗಳು ಜೊತೆಯಾಗಿ ನಡೆಸುವ ವೇದಿಕೆ. ದುರಂತ ಆದಾಗ ಸಭೆ ಸೇರಿ ಮರೆಯುವ ಬದಲು ವರ್ಷವಿಡೀ ಕೆಲಸ.

ಒಬ್ಬೊಬ್ಬರ ಜೊತೆ ಮಾತು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅಲನ್ ಮಾರ್ಲಟ್ ಮತ್ತು ಸಂಗಡಿಗರು ರೂಪಿಸಿದ "ಬೇಸಿಕ್ಸ್" ಎಂಬ ಪದ್ಧತಿ ಇವತ್ತು ಅಮೆರಿಕದ ಅನೇಕ ಕಾಲೇಜುಗಳಲ್ಲಿದೆ. ಒಂದೆರಡು ಸಣ್ಣ ಭೇಟಿ. ಬೈಗುಳ ಇಲ್ಲ, ಪ್ರತಿಜ್ಞೆ ಇಲ್ಲ. "ನೀನು ವಾರಕ್ಕೆ ಇಷ್ಟು ಕುಡಿತೀಯ, ನಿನ್ನ ವಯಸ್ಸಿನ ಬೇರೆಯವರು ಸಾಮಾನ್ಯವಾಗಿ ಇಷ್ಟು ಕುಡಿತಾರೆ, ನಿನಗೆ ಇದರಿಂದ ಏನು ಸಿಕ್ತಿದೆ, ಏನು ಹೋಗ್ತಿದೆ?" ಎಂಬ ಲೆಕ್ಕವನ್ನು ವಿದ್ಯಾರ್ಥಿಯ ಮುಂದಿಡುವುದು. "ಎಲ್ಲರೂ ನನಗಿಂತ ಜಾಸ್ತಿ ಕುಡಿತಾರೆ" ಅನ್ನುವ ಭ್ರಮೆ ಒಡೆಯುವುದೇ ಅರ್ಧ ಕೆಲಸ.

ಹೆದರದೆ ಫೋನ್ ಮಾಡುವ ಹಕ್ಕು. ಗೆಳೆಯ ಪ್ರಜ್ಞೆ ತಪ್ಪಿ ಬಿದ್ದಿದ್ದಾನೆ. ಆಂಬುಲೆನ್ಸ್ ಕರೆದರೆ ತಾನೂ ಸಿಕ್ಕಿಬೀಳುತ್ತೇನೆ ಅಂತ ಹೆದರಿ "ಮಲಗಿದರೆ ಸರಿಹೋಗುತ್ತೆ" ಅಂದುಕೊಳ್ಳುವ ಆ ಅರ್ಧ ಗಂಟೆಯಲ್ಲೇ ಜೀವ ಹೋಗುವುದು. ಅದಕ್ಕೇ ಅಮೆರಿಕದ ಹಲವು ರಾಜ್ಯ ಮತ್ತು ಕಾಲೇಜುಗಳು, ಸಹಾಯಕ್ಕೆ ಕರೆ ಮಾಡಿದವರ ಮೇಲೆ ಕುಡಿತದ ಸಣ್ಣ ಪ್ರಕರಣ ಹಾಕದಿರುವ ನಿಯಮ ತಂದಿವೆ.

ಫಲ ಸಿಕ್ಕಿತೇ?

ಸಿಕ್ಕಿತು, ಆದರೆ ಪವಾಡವೇನೂ ಅಲ್ಲ. 2009ರ ಸಮೀಕ್ಷೆಯಲ್ಲಿ ಅಯೋವಾ ವಿಶ್ವವಿದ್ಯಾಲಯದ ಸುಮಾರು 70 ಶೇಕಡಾ ವಿದ್ಯಾರ್ಥಿಗಳು ಹಿಂದಿನ ಎರಡು ವಾರದಲ್ಲಿ ಅಪಾಯದ ಮಟ್ಟಕ್ಕೆ ಕುಡಿದಿದ್ದಾಗಿ ಹೇಳಿದ್ದರು. ನಾಲ್ಕು ವರ್ಷದಲ್ಲಿ ಅದು 60ಕ್ಕಿಂತ ಕೆಳಗೆ ಬಂತು. ಹಾಗೆ ಇಳಿದರೂ ಅದು ದೇಶದ ಸರಾಸರಿಗಿಂತ ಬಹಳ ಹೆಚ್ಚು. "ನಂಬರ್ ಒನ್ ಪಾರ್ಟಿ ಸ್ಕೂಲ್" ಬಿರುದು ಬಂದದ್ದೂ ಇದೇ ಇಳಿಕೆಯ ನಡುವೆ. ಬಿರುದು ಹಳೆಯ ಹೆಸರಿನ ಹಿಂದೆ ಓಡುತ್ತೆ, ಅಂಕಿಅಂಶ ನಿಧಾನವಾಗಿ ನಡೆಯುತ್ತೆ.

ಬೇರೆ ಊರುಗಳ ಅನುಭವವೂ ಇದನ್ನೇ ಹೇಳುತ್ತೆ. "ಎ ಮ್ಯಾಟರ್ ಆಫ್ ಡಿಗ್ರಿ"ಯ ಹತ್ತೂ ಕಾಲೇಜುಗಳನ್ನು ಒಟ್ಟಿಗೆ ತೂಗಿ ನೋಡಿದ 2004ರ ಮೌಲ್ಯಮಾಪನದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಆದರೆ ಲೈಸೆನ್ಸ್, ಬೆಲೆ, ಜಾಹೀರಾತು, ತಪಾಸಣೆ ಹೀಗೆ ಊರಿನ ಪರಿಸರವನ್ನೇ ಬದಲಿಸುವ ಕೆಲಸವನ್ನು ಗಟ್ಟಿಯಾಗಿ ಮಾಡಿದ ಐದು ಕಡೆ ಕುಡಿತವೂ ಅದರ ಹಾನಿಯೂ ಇಳಿದಿದ್ದವು. ಸಭೆ ಮಾಡಿ ಪೋಸ್ಟರ್ ಅಂಟಿಸಿದ ಕಡೆ ಏನೂ ಆಗಲಿಲ್ಲ. ಕ್ಯಾಲಿಫೋರ್ನಿಯಾದ 14 ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಅರ್ಧ ಕಾಲೇಜುಗಳಲ್ಲಿ ಪಾರ್ಟಿ ಮತ್ತು ಬಾರ್‌ಗಳ ಮೇಲೆ ನಿಗಾ ಹೆಚ್ಚಿಸಿ, ಉಳಿದರ್ಧಕ್ಕೆ ಹೋಲಿಸಿ ನೋಡಿತು. ನಿಗಾ ಇದ್ದ ಕಡೆ ಅಮಲೇರುವಷ್ಟು ಕುಡಿಯುವುದು ಕಡಿಮೆಯಾಯಿತು. ಮನೆ ಪಾರ್ಟಿಗಳಲ್ಲೂ ಕಡಿಮೆಯಾಯಿತು ಅನ್ನೋದು ಮುಖ್ಯ. ಬಾರ್‌ನಲ್ಲಿ ತಡೆದರೆ ಅಷ್ಟೂ ಕುಡಿತ ಮನೆಗೆ ಹರಿದುಹೋಗುತ್ತೆ ಅನ್ನೋದು ಪೂರ್ತಿ ನಿಜವಲ್ಲ.

ಅಮೆರಿಕದ ರಾಷ್ಟ್ರೀಯ ಮದ್ಯಪಾನ ಸಂಶೋಧನಾ ಸಂಸ್ಥೆಯ ಅಂದಾಜಿನ ಪ್ರಕಾರ 18ರಿಂದ 24 ವಯಸ್ಸಿನ ಸುಮಾರು 1,519 ಕಾಲೇಜು ವಿದ್ಯಾರ್ಥಿಗಳು ವರ್ಷಕ್ಕೆ ಕುಡಿತಕ್ಕೆ ಸಂಬಂಧಿಸಿದ ಅಪಘಾತಗಳಲ್ಲಿ ಸಾಯುತ್ತಾರೆ. ಅದೇ ಸಂಸ್ಥೆ 2015ರಲ್ಲಿ ಸುಮಾರು 60 ಬಗೆಯ ಕ್ರಮಗಳನ್ನು ತೂಗಿ ಕಾಲೇಜುಗಳಿಗೆ ಒಂದು ಕೈಪಿಡಿ ಕೊಟ್ಟಿತು. ಅದರ ಪ್ರಕಾರ ಬರೀ ಮಾಹಿತಿ ಕೊಡುವ ಕಾರ್ಯಕ್ರಮಗಳು, ಅಂದರೆ ನಾವು ನೀವು ಕಾಲೇಜಿನ ಸಭಾಂಗಣದಲ್ಲಿ ಆಕಳಿಸುತ್ತಾ ಕೂತು ಕೇಳಿದಂಥವು, ಪ್ರಯೋಜನವಿಲ್ಲದ್ದರ ಸಾಲಿಗೆ ಸೇರುತ್ತವೆ.

ಇನ್ನು ನಮ್ಮ ಊರಿಗೆ ಬರೋಣ

ಮಣಿಪಾಲ, ಧಾರವಾಡ, ಮಂಗಳೂರು, ದಾವಣಗೆರೆ. ನಮ್ಮಲ್ಲೂ ವಿದ್ಯಾರ್ಥಿಗಳಿಂದಲೇ ಬದುಕುವ ಊರು, ಬಡಾವಣೆಗಳಿವೆ. ನಮ್ಮ ಕಾನೂನು ಏನು ಹೇಳುತ್ತೆ?

ಮೊದಲು ವಯಸ್ಸು. ಇಲ್ಲೊಂದು ತಮಾಷೆ ಇದೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ ಮದ್ಯ ಮಾರಬಾರದ ವಯಸ್ಸು 18ರ ಒಳಗೆ. 1967ರ ನಿಯಮಗಳಲ್ಲಿ 21ರ ಒಳಗೆ. ಎರಡೂ ಜಾರಿಯಲ್ಲಿವೆ, ಲೈಸೆನ್ಸ್‌ದಾರರನ್ನು ಕಟ್ಟಿಹಾಕುವುದು 21ರ ನಿಯಮ. 2023ರ ಜನವರಿಯಲ್ಲಿ ಈ ಗೊಂದಲ ಸರಿಪಡಿಸುತ್ತೇವೆ ಅಂತ ಅಬಕಾರಿ ಇಲಾಖೆ ವಯಸ್ಸನ್ನು 18ಕ್ಕೆ ಇಳಿಸುವ ಕರಡು ಹೊರಡಿಸಿತು. ವಿರೋಧ ಬಂತು, ಕೆಲವೇ ದಿನದಲ್ಲಿ ಹಿಂದಕ್ಕೆ ಪಡೆಯಿತು. ಪರವಾಗಿ ಇರಲಿ ವಿರೋಧವಾಗಿ ಇರಲಿ, 18ರಿಂದ 21ರ ನಡುವಿನ ಒಬ್ಬ ವಿದ್ಯಾರ್ಥಿಯನ್ನೂ ಆ ಚರ್ಚೆಗೆ ಕೂರಿಸಿಕೊಂಡಂತೆ ಕಾಣಲಿಲ್ಲ. ಅವರಿಗೆ ಓಟಿನ ಹಕ್ಕು 61ನೇ ತಿದ್ದುಪಡಿಯಿಂದ 1989ರಲ್ಲೇ ಬಂದಿದ್ದರೂ.

ನೆರೆಯ ಗೋವಾದಲ್ಲಿ 18, ಕೇರಳದಲ್ಲಿ 23. ಹಾಗಾಗಿ ಸಂಖ್ಯೆ ಯಾವುದಿರಬೇಕು ಅನ್ನೋದಕ್ಕಿಂತ ದೊಡ್ಡ ಪ್ರಶ್ನೆ, ಇರುವ ಸಂಖ್ಯೆಯನ್ನು ಯಾರು ನೋಡ್ತಿದಾರೆ ಅನ್ನೋದು. ವೈನ್ ಶಾಪ್ ಕೌಂಟರಿನಲ್ಲಿ ಕೊನೆಯ ಸಲ ನಿಮ್ಮ ಐಡಿ ಕೇಳಿದ್ದು ಯಾವಾಗ? ನೀವೇ ನೆನಪಿಸಿಕೊಳ್ಳಿ.

ಆಮೇಲೆ ಅಂತರ. ಶಾಲೆ ಕಾಲೇಜು, ದೇವಸ್ಥಾನ, ಆಸ್ಪತ್ರೆಯಿಂದ 100 ಮೀಟರ್ ಒಳಗೆ ಮದ್ಯದಂಗಡಿಗೆ ಲೈಸೆನ್ಸ್ ಕೊಡಬಾರದು ಅಂತ ಅದೇ 1967ರ ನಿಯಮ ಹೇಳುತ್ತೆ. ಆದರೆ ಒಂದು ಬಾರ್‌ನಿಂದ ಇನ್ನೊಂದಕ್ಕೆ ಎಷ್ಟು ದೂರ ಇರಬೇಕು? ಅಯೋವಾ ಸಿಟಿ ಹಿಡಿದದ್ದು ಈ ಎರಡನೇ ದಾರಿ. ಕಾಲೇಜು ಗೇಟಿನಿಂದ 101ನೇ ಮೀಟರಿನಲ್ಲಿ ಸಾಲಾಗಿ ಆರು ಅಂಗಡಿ ಇದ್ದರೆ 100 ಮೀಟರ್ ನಿಯಮ ಪಾಲನೆಯಾದಂತೆಯೇ, ಹುಡುಗರಿಗೆ ಅದರಿಂದ ಏನೂ ವ್ಯತ್ಯಾಸ ಆಗಲ್ಲ.

ಕೊನೆಯದು, ಮತ್ತು ಅತಿ ಮುಖ್ಯವಾದದ್ದು: ತೀರ್ಮಾನ ಯಾರದ್ದು? ಸಂವಿಧಾನದ 47ನೇ ವಿಧಿ ಮದ್ಯ ನಿಷೇಧದ ಕಡೆ ನಡೆಯಿರಿ ಅಂತ ಸರ್ಕಾರಕ್ಕೆ ಹೇಳುತ್ತೆ. ಅದೇ ಸರ್ಕಾರದ ದೊಡ್ಡ ಆದಾಯ ಮೂಲಗಳಲ್ಲಿ ಅಬಕಾರಿ ಒಂದು. ಲೈಸೆನ್ಸ್ ಕೊಡುವುದು ರಾಜ್ಯ, ತೆರಿಗೆ ತಗೊಳ್ಳುವುದು ರಾಜ್ಯ, ರಾತ್ರಿ ಜಗಳ ಬಿಡಿಸುವುದು ಬೀದಿಯವರು, ಬೆಳಿಗ್ಗೆ ಮಗನನ್ನು ಆಸ್ಪತ್ರೆಗೆ ಒಯ್ಯುವುದು ತಾಯಿ. ಅಯೋವಾ ಸಿಟಿಯ ಜನ ಮೂರು ಸಲ ಹಾಕಿದಂಥ ಮತ ಹಾಕಲು ನಮ್ಮ ನಗರಗಳಲ್ಲಿ ದಾರಿಯೇ ಇಲ್ಲ.

ಹಾಗಂತ ಹೋರಾಟ ಇಲ್ಲವೆಂದಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತದ್ದರ ಹಿಂದೆ ಹಳ್ಳಿ ಹೆಂಗಸರ ವರ್ಷಗಳ ಕೂಗಿತ್ತು. ಸಾರಾಯಿ ಹೋದ ಜಾಗಕ್ಕೆ ಅಗ್ಗದ ಪ್ಯಾಕೆಟ್ ವಿಸ್ಕಿ ಬಂದು ಕೂತಾಗ ಕೂಗು ಮತ್ತೆ ಎದ್ದಿತು. 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ 200 ಕಿಲೋಮೀಟರ್ ಹತ್ತಿರ ನಡೆದು ಬಂದು ಮದ್ಯ ನಿಷೇಧ ಕೇಳಿದರು. ಪಕ್ಕದ ಮಹಾರಾಷ್ಟ್ರದಲ್ಲಿ ಇಂಥ ಕೂಗಿಗೆ ಕಾನೂನಿನಲ್ಲೇ ಒಂದು ಜಾಗ ಇದೆ. ಮಹಿಳೆಯರು ಗುಪ್ತ ಮತದಾನ ಮಾಡುತ್ತಾರೆ. ಚೀಟಿಯಲ್ಲಿ ಎರಡು ಚಿತ್ರ: ನಿಂತ ಬಾಟಲಿ, ಮಲಗಿದ ಬಾಟಲಿ. ನಿಗದಿತ ಬಹುಮತ ಮಲಗಿದ ಬಾಟಲಿಗೆ ಬಿದ್ದರೆ ಅಂಗಡಿ ಮುಚ್ಚಬೇಕು.

ಹಾಗಾದರೆ ಕಾಲೇಜು ಊರಿನ ಹುಡುಗ ಹುಡುಗಿಯರು ಏನು ಕೇಳಬಹುದು?

ಪೂರ್ಣ ನಿಷೇಧವನ್ನೇ ಕೇಳಬೇಕಿಲ್ಲ. ಅಯೋವಾ ಸಿಟಿಯೂ ಅದನ್ನು ಕೇಳಲಿಲ್ಲ, ಅಲ್ಲಿ ಇವತ್ತಿಗೂ ಬಾರ್‌ಗಳಿವೆ. ಕೇಳಬಹುದಾದ್ದು ಇಷ್ಟು: ಕಾಲೇಜಿನ ಸುತ್ತಮುತ್ತ ಯಾವ ಲೈಸೆನ್ಸ್ ಎಷ್ಟಿವೆ, ಯಾವ ಅಂಗಡಿಯ ಮೇಲೆ ಎಷ್ಟು ಪ್ರಕರಣ ಬಿದ್ದಿವೆ ಅನ್ನೋ ಲೆಕ್ಕ ಬಹಿರಂಗವಾಗಲಿ. ಇದಕ್ಕೆ ಹೊಸ ಕಾನೂನು ಬೇಡ, ಮಾಹಿತಿ ಹಕ್ಕಿನ ಅರ್ಜಿ ಹಾಕಿದರೂ ಶುರು ಮಾಡಬಹುದು. ಹೊಸ ಲೈಸೆನ್ಸ್ ಕೊಡುವ ಮುಂಚೆ ವಾರ್ಡಿನ ಜನರ ಮಾತು ಕೇಳಲಿ. ಕುಡಿದು ಬಿದ್ದ ಗೆಳೆಯನಿಗೆ 108ಕ್ಕೆ ಫೋನ್ ಮಾಡಿದ ವಿದ್ಯಾರ್ಥಿಯನ್ನು ಹಾಸ್ಟೆಲಿನಿಂದ ಹೊರಹಾಕುವ ಪದ್ಧತಿ ಎಲ್ಲಿದೆಯೋ ಅಲ್ಲಿ ನಿಲ್ಲಲಿ. ಸಭಾಂಗಣದ ಭಾಷಣದ ಖರ್ಚಿನಲ್ಲಿ ಒಬ್ಬ ಆಪ್ತಸಮಾಲೋಚಕರನ್ನು ನೇಮಿಸಲಿ.

ಮತ್ತು ಈ ಮಾತುಕತೆ ನಡೆಯುವ ಮೇಜಿನಲ್ಲಿ 18ರಿಂದ 21ರವರಿಗೂ ಕುರ್ಚಿ ಇರಲಿ. 2007ರಲ್ಲಿ ಅಯೋವಾ ಸಿಟಿಯ ವಿದ್ಯಾರ್ಥಿಗಳು ಆ ಕುರ್ಚಿಯನ್ನು ಓಟಿನಿಂದ ಕಿತ್ತುಕೊಂಡರು, ಗೆದ್ದರು. 2010ರಲ್ಲಿ ಅದೇ ಓಟಿನಲ್ಲಿ ಸೋತರು. ಗೆದ್ದಾಗಲೂ ಸೋತಾಗಲೂ ನಿಯಮ ಯಾಕೆ ಬಂತು, ಯಾರು ತಂದರು, ಹೇಗೆ ತೆಗೆಯಬಹುದು ಅನ್ನೋದು ಅವರಿಗೆ ಗೊತ್ತಿತ್ತು. ನಮ್ಮಲ್ಲಿ 2023ರ ಕರಡು ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಮುಂದಿನ ಕರಡು ಬಂದಾಗ ಆಕ್ಷೇಪಣೆ ಸಲ್ಲಿಸಲು ಕೊಡುವ ಆ ಕೆಲವು ದಿನಗಳಲ್ಲಿ ನಿಮ್ಮ ಹಾಸ್ಟೆಲಿನಿಂದ ಒಂದಾದರೂ ಅರ್ಜಿ ಹೋಗುತ್ತಾ?